ಮುತ್ತಿಟ್ಟು ಸವೆದ ಪಾದ

ಗೋಪೀನಾಥಣ್ಣಾ,

ನೀವು ಕೊಟ್ಟ ಮಾತು: ಮೂರು ತಿಂಗಳಿಗೆ ಮೂರ್ತಿ ವಾಪಸ್. ಮೇ ಹದಿನೈದರ ಹಬ್ಬಕ್ಕೆ ಮೊದಲು ಸಿಡ್ನಿಗೆ. ನಡುವೆ ಗ್ಯಾಲರಿಗೆ ಬಂದರೆ ತೆರೆಸಿತಾ ಕೈಯಾರೆ ಎಣ್ಣೆ ಹಚ್ಚಬಹುದು.

ಆಗಿದ್ದು: ಏಳು ತಿಂಗಳು ಕಳೆಯಿತು. ಮೂರ್ತಿ ಮೆಲ್ಬರ್ನಿನ ಗ್ಯಾಲರಿಯಲ್ಲೇ ಇದೆ. ಎಣ್ಣೆ ಇರಲಿ, ಬೆರಳು ತಾಕಿಸಲೂ ಬಿಡಲಿಲ್ಲ.

ತೆರೆಸಿತಾ ಯಾರೆಂದು ಮರೆತಿರಬಹುದು. ಸಿಡ್ನಿಯ ವೆಸ್ಟ್‌ಮೀಡ್‌ನ ಆಸ್ಪತ್ರೆ ವಾರ್ಡುಗಳಲ್ಲಿ ನನ್ನ ಜೊತೆ ನೆಲ ಒರೆಸುವ ಫಿಲಿಪೈನ್ಸ್ ಹೆಂಗಸು. ನನ್ನ ಮಾತು ನಂಬಿ ತನ್ನ ಮನೆಯ ಸ್ಯಾನ್ ಇಸಿದ್ರೋನನ್ನು, ರೈತರ ಸಂತನನ್ನು, ನಿಮ್ಮ ಪ್ರದರ್ಶನಕ್ಕೆ ಕೊಟ್ಟಳು. ಸ್ಪೇನಿನವರು ಅವಳ ದೇಶ ಆಳುತ್ತಿದ್ದಾಗ ಹೇರಿದ ಸಂತ, ಗೊತ್ತು. ಆದರೆ ಮರದಲ್ಲಿ ಕೆತ್ತಿದವನು ಅವಳೂರಿನ ಬಡಗಿ. ದೊರೆಯ ಉದ್ದ ಮೂಗು ಬಿಟ್ಟು ತನ್ನಪ್ಪನ ಚಪ್ಪಟೆ ಮೂಗು ಕೆತ್ತಿದ. ಬ್ಲ್ಯಾಕ್‌ಟೌನಿನ ಅವಳ ಗ್ಯಾರೇಜಿನಲ್ಲಿ ಹಬ್ಬದ ದಿನ ಅರವತ್ತು ಜನ ಆ ಪಾದಕ್ಕೆ ಮುತ್ತಿಡುತ್ತಾರೆ. ಅಜ್ಜಿಯರ ಕಾಲದಿಂದ ಮುತ್ತಿಟ್ಟೂ ಮುತ್ತಿಟ್ಟೂ ಕಾಲ್ಬೆರಳುಗಳೇ ಸವೆದುಹೋಗಿವೆ.

ಕಳೆದ ವಾರ ಕೊಬ್ಬರಿ ಎಣ್ಣೆಯ ಶೀಸೆ ಹಿಡಿದು, ಹನ್ನೆರಡು ಗಂಟೆ ಬಸ್ಸಿನಲ್ಲಿ ಕೂತು ಅವಳು ಮೆಲ್ಬರ್ನಿಗೆ ಬಂದಳು. ಗಾಜಿನ ಪೆಟ್ಟಿಗೆ ತೆರೆಯಲಿಲ್ಲ. ಒಂದು ಕಾಗದ ತೋರಿಸಿದರು: ಪೂಜೆಯಲ್ಲಿಲ್ಲದ ಮೂರ್ತಿ, ಹಿಂತಿರುಗಿಸಲು ಅವಸರವಿಲ್ಲ. ಕೆಳಗೆ ಸಲಹೆಗಾರರ ಸಹಿ. ನಿಮ್ಮದು!

ಫೋನಿನಲ್ಲಿ ಕೇಳಿದರೆ ನಕ್ಕಿರಿ. "ಅಲ್ಲ ಕಣೇ ಸಂಧ್ಯಾ, ಕೈ ಮುರಿದಿದೆ, ಕಾಲು ಸವೆದಿದೆ. ಭಿನ್ನವಾದ ಮೂರ್ತೀನ ಯಾರಾದ್ರೂ ಪೂಜೆ ಮಾಡ್ತಾರಾ? ನಮ್ಮಲ್ಲಾದ್ರೆ ಹೊಳೆಗೆ ಬಿಡ್ತಿದ್ರು. ಏನು, ಕ್ರಾಂತಿ ಬಿಟ್ಟು ದೇವರ ಪಾರ್ಟಿ ಸೇರಿದ್ಯಾ?"

ಇದನ್ನು ತೆರೆಸಿತಾಗೆ ಹೇಳಿದೆ. ಮಾಪ್ ನಿಲ್ಲಿಸಿ ನನ್ನನ್ನೇ ನೋಡಿದಳು. "ನಮ್ಮ ತಾತಂಗೆ ಮೂರು ಬೆರಳು ಇರ್ಲಿಲ್ಲ, ಕಬ್ಬಿನ ಮಿಲ್ಲಲ್ಲಿ ಹೋಗಿತ್ತು. ಹಾಗಂತ ಊಟಕ್ಕೆ ಕರೆಯೋದು ಬಿಟ್ವಾ?"

ಉತ್ತರವಿದ್ದರೆ ಹೇಳಿ. ಜನಿವಾರ ಕಿತ್ತೆಸೆದೆ ಎಂದು ನಮ್ಮ ಚಳವಳಿಯ ವೇದಿಕೆಯ ಮೇಲೆ ಗುಡುಗಿದವರು ನೀವು. ಜನಿವಾರ ಹೋಯಿತು, ಭಿನ್ನ ಮೂರ್ತಿಯ ಶಾಸ್ತ್ರ ಮಾತ್ರ ಒಳಗೇ ಕೂತಿದೆ. ಅದನ್ನು ಇನ್ನೊಬ್ಬರ ದೇವರ ಮೇಲೆ ಹೊರಿಸಿ ಸಹಿ ಹಾಕಿದಿರಿ, ಅವಳನ್ನು ಒಂದು ಮಾತೂ ಕೇಳದೆ.

ನನ್ನವ್ವ ಪುಟ್ಟಮ್ಮ ನಲವತ್ತು ವರ್ಷ ಗುಡಿಯ ಅಂಗಳ ಗುಡಿಸಿದಳು, ಹೊರಗೇ ನಿಂತು. ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದವರು ನೀವೇ. ಪೂಜಾರಿ ಬಾಗಿಲು ಜಡಿದುಕೊಂಡ. ಅವ್ವ ಆ ಬಾಗಿಲನ್ನೇ ಸವರಿ ಇಳಿದುಬಂದಳು. ಅವತ್ತು ನೀವು ಅತ್ತಿದ್ದನ್ನು ನಾನು ಕಂಡಿದ್ದೇನೆ. ಇವತ್ತು ಯಾರು ಬೇಕಾದರೂ ಮುಟ್ಟಬಹುದಾದ ದೇವರೊಂದು ಸಿಕ್ಕರೆ, ಸುತ್ತ ಗಾಜು ಹಾಕಿಸಿ ‘ಮುಟ್ಟಬೇಡಿ’ ಎಂದು ಬೋರ್ಡು ತಗುಲಿಸಿದ್ದೀರಿ. ನಾಚಿಕೆಯಾಗಬೇಕು. ನನಗೂ ಆಗಬೇಕು, "ಇಲ್ಲಿ ಸೈನ್ ಮಾಡು, ನಮ್ಮಣ್ಣ ಇದ್ದಾರೆ" ಎಂದವಳು ನಾನೇ.

ಗ್ಯಾಲರಿಯ ಮ್ಯಾನೇಜರನ್ನು ಕೇಳಿದ್ದೇನೆ. ‘ಪೂಜೆಯಲ್ಲಿಲ್ಲದ ಮೂರ್ತಿ’ ಎಂಬ ಆ ಒಂದು ಸಾಲು ಹೊಡೆದುಹಾಕಿ ನೀವು ಸಹಿ ಮಾಡಿದರೆ ಅವತ್ತೇ ಮೂರ್ತಿ ಬಿಡುತ್ತಾರೆ. ಹಬ್ಬಕ್ಕೆ ಸಿಡ್ನಿ ಮುಟ್ಟುತ್ತದೆ. ಮಾಡದಿದ್ದರೆ ಅರವತ್ತೂ ಜನ ಅಲ್ಲಿಗೇ ಬಂದು ಆ ಗಾಜಿಗೆ ಮುತ್ತಿಡುತ್ತೇವೆ. ಸಾಲಿನ ತುದಿಯಲ್ಲಿ ನಾನು, ಯಾವ ದೇವರನ್ನೂ ನಂಬದವಳು, ನಿಂತಿರುತ್ತೇನೆ.

ಅವ್ವನನ್ನು ಮೆಟ್ಟಿಲು ಹತ್ತಿಸಿದ ಕೈಗೆ ಅವತ್ತಿನ ಕಸುವು ಮರಳಲಿ. ತೆರೆಸಿತಾ ಎಣ್ಣೆ ತರುತ್ತಾಳೆ. ನೀವು ಪೆನ್ನು ತನ್ನಿ.

ಪುಟ್ಟಮ್ಮನ ಮಗಳು,
ಸಂಧ್ಯಾರಾಣಿ

ಗ್ಯಾಲರಿ ಬಾಗಿಲಲ್ಲಿ ಕಾಯುತ್ತೇವೆ. ಗುರುವಾರ, ಮೇ ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆಗೆ.