ಸಾಲಿನ ಕೆಳಗಿನ ಕಾರಣ

ಅಂಕೋಲೆಯ ಕಡಲಕಟ್ಟೆ,
2361, ಮರಿಮಾಘದ ಮೂವತ್ತಮೂರು

ಹಿಂದಿನವರಿಗೆ,

ಮರಿಮಾಘ ಎಂಬ ತಿಂಗಳು ನಿಮಗಿರಲಿಲ್ಲ. ನನ್ನ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ಹೆಚ್ಚು ಓದಿದವಳಲ್ಲ. ದಿನಚರಿ ಬರೆಯುವ ರೂಢಿಯಿಂದ ಇದನ್ನೂ ಬರೆಯುತ್ತಿದ್ದೇನೆ.

ನಮ್ಮ ಊರು ಈಗ ಕಡಲಿಗಿಂತ ತಗ್ಗಿನಲ್ಲಿದೆ. ಉಬ್ಬರದ ಹೊತ್ತಿಗೆ ಕಟ್ಟೆಯ ಬಾಗಿಲುಗಳನ್ನು ಮುಚ್ಚುವುದು ‘ಅಗಳಿ’ ಎಂಬ ತಂತ್ರಾಂಶ; ಕೈಪಿಡಿ ನೋಡಿ ಅದಕ್ಕೆ ಅಪ್ಪಣೆ ಕೊಡುವವರು ಕಟ್ಟೆಯ ಕಾವಲಿನವರು. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಕರಾವಳಿಯ ಯಾವ ಊರಿನವರಾದರೂ ಅದರ ಕೋಡ್ ಓದಬಹುದು, ತಿದ್ದಬಹುದು. ನೀವು ಇದಕ್ಕೆ ಓಪನ್ ಸೋರ್ಸ್ ಎನ್ನುತ್ತಿದ್ದಿರಂತೆ. ತಿದ್ದುವ ಮೊದಲು ನಾವೆಲ್ಲ ಕಟ್ಟೆಯ ಮೇಲೆ ಕೂತು ಅದನ್ನು ಗಟ್ಟಿಯಾಗಿ ಓದುತ್ತೇವೆ: ಮೊದಲು ಕೋಡಿನ ಒಂದು ಸಾಲು, ಆಮೇಲೆ ಅದರ ಕಾರಣ. ಹಾಗಾಗಿ ಕಾರಣವನ್ನು ಸಾಲಿನ ಕೆಳಗೆ ಬರೆಯುವುದು ನಮ್ಮ ಪದ್ಧತಿ. ಬಹಳಷ್ಟು ಕಾರಣಗಳನ್ನು ಬರೆದವಳು ನನ್ನ ತಂಗಿ ಶಿವಿ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು.

ಕೋಡಿನೊಳಗಿನ ಈ ಕಾರಣದ ಟಿಪ್ಪಣಿಗಳನ್ನು ಆಯ್ದು ಕೈಪಿಡಿ ಮಾಡಿಕೊಡುವ ಸಾಧನಕ್ಕೆ ನಾವು ಹೆಕ್ಕುಗ ಎನ್ನುತ್ತೇವೆ. ಹಳೆಯ ಹೆಕ್ಕುಗ ಕೆಟ್ಟಿತ್ತು, ಸರಿಮಾಡುವವರು ಸಿಗಲಿಲ್ಲ. ಅನುಮಾನ ಬಂದರೆ ಶಿವಿಯನ್ನು ಕೇಳುವಂತೆಯೂ ಇರಲಿಲ್ಲ. ಬೇರೆ ಊರಿನ ಕಾವಲಿನವರಿಗಂತೂ ಕೈಪಿಡಿಯೇ ಗತಿ.

ಕೋಡ್ ನೋಡಿಕೊಳ್ಳುವ ಇನಾಸ ಎರಡು ಹೆಕ್ಕುಗಗಳನ್ನು ತಂದ. ಮೊದಲನೆಯದು ನಾವು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಅಂದವಾದ ಕೈಪಿಡಿ ಕೊಟ್ಟಿತು. ಇನ್ನೊಂದು ನಿಧಾನ, ಸಿಕ್ಕಿದ್ದೆಲ್ಲವನ್ನೂ ಹೆಕ್ಕುತ್ತದೆ. ಹಿರಿಯ ಕಾವಲುಗಾರ ಗೋಯ್ದಪ್ಪ ಯಾವಾಗಲೋ ತನ್ನ ಹೆಂಡತಿಯ ಸಿಗಡಿ ಸಾರು ಹೊಗಳಿ ಬರೆದದ್ದೂ ಅದರಲ್ಲಿ ಬಂದಿತ್ತು. ಕಾರವಾರದವರು ಇದನ್ನೂ ಕಲಿಯಬೇಕೇ ಎಂದು ಇನಾಸ ಕೇಳಿದ. ಕಲಿಯಲಿ, ಅವರಿಗೆ ಸಾರು ಮಾಡಲಿಕ್ಕೆ ಬರುವುದಿಲ್ಲ ಎಂದ ಗೋಯ್ದಪ್ಪ.

ಅಂದವಾದ ಕೈಪಿಡಿಯನ್ನೇ ಮೊದಲು ಓದಿಸಿದೆವು. ನಾನು ಶಿವಿಯ ಮಾತು ಕೇಳುವ ಆಸೆಯಿಂದ ಕೂತಿದ್ದೆ. ‘ಇಲ್ಲಿ ಸ್ವಲ್ಪ ತಡೆಯಿರಿ, ಹೊರಗೆ ಹೋದ ದೋಣಿ ಇನ್ನೂ ಬಂದಿರಲಿಕ್ಕಿಲ್ಲ’ ಎಂಬುದು ಅವಳು ದಿನದ ಉಬ್ಬರದ ಸಾಲಿಗೆ ಬರೆದದ್ದು. ಅದು ಮುಂದಿನ ಸಾಲಿಗೆ, ಬಿರುಗಾಳಿಯಲ್ಲಿ ತಕ್ಷಣ ಬಾಗಿಲು ಮುಚ್ಚುವ ಸಾಲಿಗೆ, ಅಂಟಿಕೊಂಡಿತ್ತು. ಆ ಹೆಕ್ಕುಗಕ್ಕೆ ಟಿಪ್ಪಣಿ ಸಾಲಿನ ಮೇಲೆ ಇದ್ದೇ ರೂಢಿ, ಹಾಗಾಗಿ ಅದನ್ನು ಕೆಳಗಿನ ಸಾಲಿಗೆ ಸೇರಿಸುತ್ತದೆ. ಹೊಸಬರು ಅದನ್ನು ನಂಬಿ ಬಿರುಗಾಳಿಯಲ್ಲಿ ತಡೆದಿದ್ದರೆ ಕಡಲು ನಮ್ಮ ಕೇರಿಯೊಳಗೆ ಬರುತ್ತಿತ್ತು, ಅದೂ ಶಿವಿಯ ಮಾತಿನಿಂದ.

ಟಿಪ್ಪಣಿಗಳನ್ನೆಲ್ಲ ತಾನೇ ಮೇಲಕ್ಕೆ ಸರಿಸುತ್ತೇನೆ ಎಂದ ಇನಾಸ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಗೋಯ್ದಪ್ಪ ನನ್ನ ಮುಖ ನೋಡಿ ಹೇಳಿದ: “ಹೆಕ್ಕುಗ ನಮ್ಮ ಪದ್ಧತಿ ಕಲೀಲಿ ಮಾರಾಯಾ. ಸತ್ತವಳು ಯಾಕೆ ಜಾಗ ಬಿಡ್ಬೇಕು?”

ನಿಧಾನದ ಹೆಕ್ಕುಗಕ್ಕೆ ಕಲಿಸಲು ಬರುತ್ತಿತ್ತು. ಇನಾಸ ಗೊಣಗಿಕೊಂಡೇ ಕಲಿಸಿದ. ಈಗ ಅದು ಟಿಪ್ಪಣಿ ಸಿಕ್ಕರೆ ಮೇಲಿನ ಸಾಲನ್ನು ನೋಡುತ್ತದೆ. ಸಿಗಡಿ ಸಾರೂ ಹಾಗೇ ಉಳಿಯಿತು.

ನಿಮ್ಮಲ್ಲೂ ಇಂಥ ಹೆಕ್ಕುಗ ಆರಿಸುವವರು ಇದ್ದರಂತೆ; ಅವರಿಗೊಂದು ಮಾತು. ಅಂದ, ವೇಗ ಆಮೇಲೆ ನೋಡಿ. ಈಗ ಕೇಳಲು ಸಿಗದ ಯಾರಾದರೂ ಬರೆದ ಒಂದು ಪುಟವನ್ನು ಮೊದಲು ಅದಕ್ಕೆ ಕೊಡಿ. ಅವರ ಮಾತು ಅವರಿಟ್ಟ ಜಾಗದಲ್ಲೇ ಹೊರಬರುತ್ತದೆಯೇ ಎಂದು ನೋಡಿ.

ಇವತ್ತು ಸಂಜೆ ಕಾವಲಿಗೆ ಹೊಸಬಳೊಬ್ಬಳು ಬಂದಿದ್ದಳು, ಶಿವಿಯನ್ನು ಕಂಡವಳಲ್ಲ. ಕೈಪಿಡಿ ನೋಡಿಕೊಂಡು ಸ್ವಲ್ಪ ತಡೆದಳು. ಒಂದು ದೋಣಿ ಒಳಗೆ ಬಂತು. ಆಮೇಲೆ ಬಾಗಿಲು ಮುಚ್ಚಿತು.

ಬರುತ್ತೇನೆ.
ಶಿವಿಯ ಅಕ್ಕ