ಸೈಲೆನ್ಸರಿನಲ್ಲಿ ಸಿಕ್ಕ ವಾಷರ್

ರೀ,

ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೇನೆ. ಅಲ್ಲಿ ಪಾಳಿ ಇರುತ್ತೆ, ತಡವಾದೀತು. ಅತ್ತೆಗೆ ಎಂಟು ಗಂಟೆಯ ಮಾತ್ರೆ ನೀವೇ ಕೊಡಿ. ಪಲ್ಯ ಬಿಸಿ ಮಾಡಿಕೊಳ್ಳಿ.

ಚೀಟಿಯ ಮೇಲಿಟ್ಟ ವಾಷರಿನ ಗುರುತು ಸಿಕ್ಕಿತೇ? ತೊಂಬತ್ತಾರನೇ ಇಸವಿಯಿಂದ ನನ್ನ ಸ್ಕೂಟರಿನ ವೇಗ ಮೂವತ್ತು ದಾಟಿರಲಿಲ್ಲ. ಪಾಠ ಹೇಳುತ್ತಿದ್ದ ಹರಿಹರದ ಶಾಲೆಗೆ ದಿನಾ ಪ್ರಾರ್ಥನೆ ಮುಗಿದ ಮೇಲೆ ತಲುಪುತ್ತಿದ್ದೆ. "ನಿನಗೆ ಗಾಡಿ ಓಡ್ಸಾಕೆ ಬರಲ್ಲ, ಕೆಲಸ ಬಿಡು" ಅಂದಿರಿ. ಬಿಟ್ಟೆ.

ನಿನ್ನೆ ಮೆಕ್ಯಾನಿಕ್ ಚಮನ್‌ಸಾಬ್ ಸೈಲೆನ್ಸರ್ ಬಿಚ್ಚಿ ಇದನ್ನು ಕೈಗಿಟ್ಟ. "ಹೊಗೆ ಹೋಗೋ ದಾರಿನೇ ಮುಚ್ಚೈತೆ, ಸ್ಪೀಡ್ ಹೆಂಗೆ ಬಂದೀತಕ್ಕಾ? ಯಜಮಾನ್ರೇ ಹೇಳಿ ಹಾಕ್ಸಿದ್ರಲ್ಲ, ನಿಮಗೆ ಗೊತ್ತಿಲ್ಲೇನು?" ಅಂದ. ಗೊತ್ತು ಅಂದೆ. ನಿಮ್ಮ ಮರ್ಯಾದೆ ಉಳಿಸಿದೆ, ಪುಣ್ಯಾತ್ಮರೇ.

ತೆಗೆಸಿದ ಮೇಲೆ ಐವತ್ತೈದರಲ್ಲಿ ಓಡಿಸಿದೆ. ಇಪ್ಪತ್ತೇ ನಿಮಿಷಕ್ಕೆ ಹರಿಹರದ ಸೇತುವೆ ಬಂತು. ದಾಟಿದ್ದರೆ ರಾಣೆಬೆನ್ನೂರು, ಹುಬ್ಬಳ್ಳಿ, ಎಲ್ಲಿಗಾದರೂ ಹೋಗಬಹುದಿತ್ತು. ಗಾಡಿ ನಿಲ್ಲಿಸಿ ಹೊಳೆ ನೋಡುತ್ತಾ ನಿಂತೆ. ನಮ್ಮ ಕೃತಿಕಾ ಶಾಲೆಯಿಂದ ಬರುವ ಹೊತ್ತು, ಅತ್ತೆ ಎದ್ದು ಬಾಗಿಲು ತೆಗೆಯಲಾರರು, ಬೀಗದ ಕೈ ನನ್ನ ಹತ್ತಿರವೇ ಇತ್ತು. ಗಾಡಿ ಮನೆಯತ್ತ ತಿರುಗಿಸಿದೆ.

ವಾಷರ್ ಬೇಕಾದರೆ ಎಸೆಯಿರಿ. ಅದಿಲ್ಲದೆಯೂ, ವಾಪಸ್ ಬರುವಾಗ ನನ್ನ ಕೈ ಮೂವತ್ತು ದಾಟಿಸಲಿಲ್ಲ.

ದಾಕ್ಷಾಯಣಿ