ಬಾಗಿಲ ಮೇಲೆ ಆರು ಗೀಟು

ಫ್ಲಾರೆನ್ಸ್, ನವೆಂಬರ್ 5, 1494

ಪಾದ್ರಿಯ ನಿಲುವಂಗಿಗೆ ತೋಳು ಕೂಡಿಸಿದೆ. ಸಾರಿಗೆ ಅಕ್ಕ ಉಪ್ಪು ಹಾಕಿರಲಿಲ್ಲ. ಹೇಳಲಿಲ್ಲ. ಹೇಳಿದ್ದರೆ ಸಂಜೆ ಸಾರೂ ಇರುತ್ತಿರಲಿಲ್ಲ.

ಫ್ರಾನ್ಸಿನ ರಾಜ ಬರುತ್ತಿದ್ದಾನೆ. ನೇಪಲ್ಸ್ ಗೆಲ್ಲಲು ಹೊರಟವನು, ದಾರಿಯಲ್ಲಿ ನಮ್ಮೂರು. ಅವನ ಕಡೆಯವರು ಇವತ್ತೇ ಬಂದು ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ಗೀಟು ಎಳೆದು ಹೋದರು. ಒಂದು ಗೀಟಿಗೆ ಒಬ್ಬ ಸಿಪಾಯಿ. ಅಷ್ಟು ಜನಕ್ಕೆ ಆ ಮನೆಯಲ್ಲಿ ಊಟ, ಹಾಸಿಗೆ. ನಮಗೆ ಆರು. ಪಕ್ಕದ ಮನೆಯ ಲೆಸ್ಸಾಂದ್ರಾಗೆ ನಾಲ್ಕು — ಗಂಡ ಸತ್ತವಳು, ಬೆಳೆದ ಇಬ್ಬರು ಹೆಣ್ಣುಮಕ್ಕಳು. ಗೀಟು ಅಳಿಸಿದವನಿಗೆ ಚಾಟಿಯೇಟಂತೆ.

ನವೆಂಬರ್ 6

ಅಳಿಸಿಬಿಟ್ಟೆ. ಬೇಕೆಂದಲ್ಲ. ಬೆಳಿಗ್ಗೆ ಸುಣ್ಣದ ಗೀಟು ಕಂಡಿತು, ಕೈ ತಾನೇ ಹೋಗಿ ಒರೆಸಿತು. ಮೂವತ್ತು ವರ್ಷದ ಚಾಳಿ. ಗಿರಾಕಿಗೆ ಕೊಡುವ ಬಟ್ಟೆಯಲ್ಲಿ ಸುಣ್ಣದ ಗುರುತು ಉಳಿದರೆ ದರ್ಜಿಯ ಮಾನ ಹೋದಂತೆ.

ಅಕ್ಕ ತಲೆ ಚಚ್ಚಿಕೊಂಡಳು. ಆಮೇಲೆ ಮೆಲ್ಲಗೆ, “ಹೆಂಗೂ ಮತ್ತೆ ಎಳೀಬೇಕಲ್ಲ ಲಾಪೊ. ಎರಡೇ ಎಳಿ. ಯಾರು ಎಣಿಸ್ತಾ ಕೂತಿದಾರೆ?” ಅಂದಳು.

ಎರಡೇ ಎಳೆದೆ. ನೇರವಾಗಿ ಬಂತು, ದರ್ಜಿಯ ಗೀಟಲ್ಲವೇ.

ನವೆಂಬರ್ 17

ರಾಜ ಬಂದ. ಮುಖ ಹೇಗಿತ್ತೆಂದರೆ ಹೇಳಲಾರೆ, ಮೇಲಂಗಿಯನ್ನೇ ನೋಡುತ್ತ ನಿಂತಿದ್ದೆ. ಎಂಥ ಜರಿ...

ನಮಗೆ ಎರಡೇ ಜನ. ಫ್ರಾನ್ಸಿನ ಗ್ಯಾಸ್ಕನಿ ಕಡೆಯವರು, ಪಾಪದವರು. ಬೀದಿಯಲ್ಲಿ ನಾಲ್ವರು ಜಾಗವಿಲ್ಲದೆ ಉಳಿದರು. ದಳಪತಿ ಅವರನ್ನೂ ಲೆಸ್ಸಾಂದ್ರಾಳ ಮನೆಗೆ ನೂಕಿದ. ಅಲ್ಲೀಗ ಎಂಟು.

ನವೆಂಬರ್ 20

ಹಾಯಾಗಿದ್ದೇವೆ. ನಮ್ಮವರಲ್ಲೊಬ್ಬ ಸೌದೆ ಒಡೆದುಕೊಟ್ಟ. ಈ ವರ್ಷದ ಹೊಸ ಆಲಿವ್ ಎಣ್ಣೆ ಬಂತು. ಸುಟ್ಟ ರೊಟ್ಟಿಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಎಣ್ಣೆ ಸುರಿದು ನಾಲ್ಕು ತಿಂದೆ.

ಲೆಸ್ಸಾಂದ್ರಾಳ ಮಕ್ಕಳು ಹಗಲೂ ಅಡುಗೆಮನೆಯ ಚಿಲಕ ಹಾಕಿಕೊಂಡೇ ಇರುತ್ತಾರಂತೆ, ಅಕ್ಕ ಹೇಳಿದಳು. ಐದನೆಯ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ನವೆಂಬರ್ 24

ಏನು ಬರೆಯಲಿ. ರಾಜನಿಗೂ ನಮ್ಮ ಹಿರಿಯರಿಗೂ ಮಾತು ಕೂಡಿಬರುತ್ತಿಲ್ಲ, ಬೀದಿಯಲ್ಲೇ ಹೊಡೆದಾಟ ಆಗಬಹುದು ಎನ್ನುತ್ತಾರೆ. ಎಂಟು ಕತ್ತಿಗಳ ನಡುವೆ ಆ ಮೂವರು ಹೆಂಗಸರು. ಈಗ ಬಾಯಿಬಿಟ್ಟರೆ ಬೆನ್ನಿನ ಚರ್ಮ ಹೋದೀತು, ಸುಮ್ಮನಿರು ಎಂದಳು ಅಕ್ಕ. ಸುಮ್ಮನಿದ್ದೇನೆ. ಉಂಡದ್ದು ಮೈಗೆ ಹತ್ತುತ್ತಿಲ್ಲ.

ನವೆಂಬರ್ 25, ಬೆಳಿಗ್ಗೆ

ಹೋದೆ. ನಾಲ್ವರಿಗೆ ನಮ್ಮಲ್ಲಿ ಜಾಗ ಮಾಡಿದ್ದೇನೆ ಎಂದು ದಳಪತಿಗೆ ಹೇಳಿದೆ. ಯಾರು ಎಲ್ಲಿ ಮಲಗಿದರೆ ಅವನಿಗೇನು, ತಲೆಯಾಡಿಸಿದ. ಆದರೆ ಲೆಸ್ಸಾಂದ್ರಾಗೆ ನಿಜ ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು:

“ಗೊತ್ತು ಲಾಪಣ್ಣ. ನೀವು ಗೀಟು ಎಳೀವಾಗ ನಾನು ಕಿಟಕೀಲೇ ಇದ್ದೆ.”

ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಎಂದೆ.

“ಹೇಳಿದ್ರೆ ನಿಮಗೆ ಚಾಟಿ ಬೀಳ್ತಿತ್ತು. ನಾಳೆ ನೀವೇ ಬರ್ತೀರ ಅನ್ಕೊಂಡೆ. ದಿನಾ ಅನ್ಕೊಂಡೆ.”

ನಾಚಿಕೆಯಾಯಿತು. ಅವಳ ಮುಖ ನೋಡಲಾಗಲಿಲ್ಲ.

ಅದೇ ದಿನ, ಮಧ್ಯಾಹ್ನ

ಮನೆ ತುಂಬ ಬೂಟು. ಅಕ್ಕ ಬಯ್ಯುತ್ತಲೇ ದೊಡ್ಡ ಪಾತ್ರೆ ಇಳಿಸಿದಳು. ನನ್ನ ಹಾಸಿಗೆ ಹೋಯಿತು, ಇನ್ನು ಬಟ್ಟೆ ಕತ್ತರಿಸುವ ಮೇಜೇ ಮಂಚ. ಆದರೂ ಮೈ ಹಗುರ. ಪಕ್ಕದ ಅಂಗಳದಲ್ಲಿ ಹುಡುಗಿಯರು ಬಟ್ಟೆ ಒಗೆಯಲು ಇಳಿದಿದ್ದಾರೆ. ಬಕೆಟಿಗಾಗಿ ಜಗಳ. ಕಿರಿಯವಳದೇ ಜೋರು, ತನ್ನ ಅಕ್ಕನಿಗೆ ಏನೋ ಹೆಸರಿಟ್ಟು ಕರೆ... ಇರಲಿ, ಸ್ವಲ್ಪ ಕೇಳಿಸಿಕೊಂಡು ಆಮೇಲೆ ಬರೆಯುತ್ತೇನೆ.